ಮೂವರಲ್ಲಿ ಒಬ್ಬರು ಜಾಸ್ತಿ

ನಮ್ಮ ಯಜಮಾನರು ಕರಿಬಸವಯ್ಯನವರು ಯಾವ ಮಾತನ್ನೂ ಪೂರ್ತಿ ಆಡುವುದಿಲ್ಲ. ಅರ್ಧ ಆಡಿ ಊಟಕ್ಕೆ ಹೊರಟುಬಿಡುತ್ತಾರೆ. ಉಳಿದರ್ಧವನ್ನು ಕೇಳಿಸಿಕೊಂಡವರು ಅವರವರ ಯೋಗ್ಯತೆಗೆ ತಕ್ಕಂತೆ ತುಂಬಿಕೊಂಡು ಒದ್ದಾಡಬೇಕು. ಈ ಸಲ ಯುಗಾದಿ ಕಳೆದ ಮೂರನೆಯ ದಿನ ಹಾಗೇ ಆಯಿತು. ಕೊಬ್ಬರಿ ಮಂಡಿಯ ಹಿಂದೆ ನಮ್ಮ ಲೆಕ್ಕದ ಕೋಣೆ. ಅಲ್ಲಿಗೆ ಬಂದರು, ಫ್ಯಾನಿನ ಕೆಳಗೆ ನಿಂತು ಕತ್ತಿನ ಬೆವರು ಒರೆಸಿಕೊಂಡರು, ನಮ್ಮ ಮೂವರನ್ನೂ ಒಂದು ಸುತ್ತು ನೋಡಿದರು.

“ಈಗೆಲ್ಲ ಕಂಪ್ಯೂಟರೇ ಮಾಡ್ತದೆ. ಮೂವರಲ್ಲಿ ಒಬ್ರು ಜಾಸ್ತಿ ಅನ್ನಿಸ್ತದೆ ಕಣ್ರೀ. ಯಾರು ಅಂತ ಇನ್ನೂ ಯೋಚ್ನೆ ಮಾಡಿಲ್ಲ. ದೀಪಾವಳಿ ಹೊತ್ಗೆ ನೋಡಾನ.”

ಇಷ್ಟು ಹೇಳಿ ಕೈಗಡಿಯಾರ ನೋಡಿಕೊಂಡು ಹೊರಟರು. ಮನೆಯಲ್ಲಿ ಹಬ್ಬದ ಒಬ್ಬಟ್ಟು ಮಿಕ್ಕಿತ್ತಂತೆ.

ದೀಪಾವಳಿ ಎಂದು ಯಾಕೆ ಹೇಳಿದರು ಅನ್ನುವುದು ನಮಗೆ ಗೊತ್ತಿತ್ತು. ಆ ಮಂಡಿಯಲ್ಲಿ ಯಾರಿಗೂ ನೇಮಕದ ಕಾಗದ ಅಂತ ಇಲ್ಲ. ದೀಪಾವಳಿಯ ದಿನ ಲಕ್ಷ್ಮೀಪೂಜೆ ಮುಗಿದ ಮೇಲೆ ಯಜಮಾನರು ಎಲೆ ಅಡಿಕೆ, ಒಂದು ತೆಂಗಿನಕಾಯಿ ಕೈಗೆ ಕೊಟ್ಟು “ಬರೋ ವರ್ಷಕ್ಕೂ ನೀವೇ ನೋಡ್ಕಳಿ” ಎನ್ನುತ್ತಾರೆ. ಕಾಯಿ ಸಿಕ್ಕವರು ಮಾರನೆಯ ದಿನ ಬರಬೇಕು, ಸಿಗದವರು ಬರಬಾರದು. ಕೇಳುವ ಹಾಗಿಲ್ಲ, ಹೇಳುವ ಹಾಗಿಲ್ಲ. ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಗೆ ಬರವೇ? ಆದರೂ ಆ ಒಂದು ಕಾಯಿಗಾಗಿ ನಾವು ಓದು ಬರಹ ಬಲ್ಲ ಮೂರು ಜನ ವರ್ಷವಿಡೀ ಕೈ ಒಡ್ಡಿಕೊಂಡು ಕೂತಿರುತ್ತಿದ್ದೆವು. ನಾನು ಇಪ್ಪತ್ತೊಂದು ಕಾಯಿ ಇಸಿದುಕೊಂಡವಳು.

ಮೂವರು ಯಾರೆಂದು ಹೇಳಿಬಿಡುತ್ತೇನೆ. ಗಂಗರಾಜು ಐವತ್ತಾರು ದಾಟಿದವರು. ತುರುವೇಕೆರೆ ಕಡೆಯ ಹಳ್ಳಿಯಿಂದ ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ಬರುತ್ತಾರೆ. ಕಂಪ್ಯೂಟರಿಗೆ ಏರಿಸುವ ಮೊದಲು ಪ್ರತಿಯೊಂದನ್ನೂ ಉದ್ದನೆಯ ಪುಸ್ತಕದಲ್ಲಿ ಕೈಯಾರೆ ಬರೆಯದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಅಫ್ತಾಬ್ ತಿಪಟೂರಿನವನೇ, ಬಿ.ಕಾಂ. ಓದಿದವನು, ಇನ್ನೂ ಮೂವತ್ತು ತುಂಬಿಲ್ಲ. ಕಂಪ್ಯೂಟರ್ ಅವನ ಸುಪರ್ದಿ. ಹೋದ ವರ್ಷ ಅವನಿಗೆ ಇಕ್ರಾ ಎಂಬ ಮಗಳು ಹುಟ್ಟಿದಳು. ಮೂರನೆಯವಳು ನಾನು, ಸುನಂದಾ. ಕಿಬ್ಬನಹಳ್ಳಿ ಹತ್ತಿರದ ಊರು. ಚೀಲದ ಎಣಿಕೆ, ತೂಕದ ಚೀಟಿ, ರೈತರಿಗೆ ಕೊಡುವ ಪಟ್ಟಿ ನನ್ನ ಕೈಯಲ್ಲಿ. ಗಂಡ ಹಾಲಿನ ಡೈರಿಯ ಕಾರ್ಯದರ್ಶಿ.

ನಾನು ಕೆಲಸಕ್ಕೆ ಸೇರಿದ್ದು ಹೊಟ್ಟೆಪಾಡಿಗೆ ಇರಬಹುದು, ಉಳಿದದ್ದು ಅದಕ್ಕಲ್ಲ. ಕೊಬ್ಬರಿ ಹರಾಜಾಗುವ ಟೆಂಡರ್ ದಿನ ಸಂಜೆ ಚೀಲ, ತೂಕ, ಪಟ್ಟಿ ಮೂರೂ ಒಂದಕ್ಕೊಂದು ತಾಳೆಯಾದಾಗ ಒಂದು ಸುಖ ಆಗುತ್ತದೆ. ಅದನ್ನು ಮನೆಯಲ್ಲಿ ಹೇಳಿದರೆ ನಗುತ್ತಾರೆ. ಮನೆಯಲ್ಲಿ ನಾನು ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೂ ಅದನ್ನು ಪರೀಕ್ಷೆ ಮಾಡಲು ನಾಲ್ಕು ನಾಲಗೆಗಳಿವೆ. ಈ ಮೇಜಿನ ಮುಂದೆ ನಾನು ಹದಿನೆಂಟು ಚೀಲ ಎಂದರೆ ಹದಿನೆಂಟು. ಲಾರಿಯವನೂ ಒಪ್ಪುತ್ತಾನೆ, ರೈತನೂ ಒಪ್ಪುತ್ತಾನೆ, ಯಜಮಾನರೂ ಒಪ್ಪುತ್ತಾರೆ. ಆ ಮೇಜು ಹೋದರೆ ನಲವತ್ತೇಳು ವರ್ಷದ ಹೆಂಗಸನ್ನು ಇನ್ನು ಯಾವ ಮಂಡಿಯವರು ಕರೆದು ಕೂರಿಸುತ್ತಾರೆ? ನಾನು ಕಳೆದುಕೊಳ್ಳಬಾರದು ಅಂತ ಇದ್ದದ್ದು ಅದೊಂದನ್ನೇ.

ಯುಗಾದಿಯಿಂದ ಮುಂದೆ ನಮ್ಮ ಕೋಣೆಯಲ್ಲಿ ನಡೆದ ನಾಟಕ ನೋಡಬೇಕಿತ್ತು. ಒಂಬತ್ತಕ್ಕೆ ತೆಗೆಯುವ ಮಂಡಿಗೆ ಗಂಗರಾಜು ಎಂಟಕ್ಕೇ ಬಂದು ಮೆಟ್ಟಿಲ ಮೇಲೆ ಕೂರತೊಡಗಿದರು. ಮುಚ್ಚಿದ ಬಾಗಿಲನ್ನು ಒಂದು ಗಂಟೆ ಕಾಯುವುದರಿಂದ ಮಂಡಿಗೆ ಏನು ಲಾಭವೋ ದೇವರೇ ಬಲ್ಲ. ಅಫ್ತಾಬ್ ಮಧ್ಯಾಹ್ನದ ಬುತ್ತಿಯನ್ನು ಕಂಪ್ಯೂಟರ್ ಮುಂದೆಯೇ ಬಿಚ್ಚಿ ಬಲಗೈಯಲ್ಲಿ ತಿನ್ನುತ್ತ ಎಡಗೈಯಲ್ಲಿ ಕೀಲಿ ಒತ್ತತೊಡಗಿದ. ಯಜಮಾನರು ಬಾಗಿಲಲ್ಲಿ ಕಂಡರೆ ಜಗಿಯುವುದನ್ನೂ ನಿಲ್ಲಿಸುತ್ತಿದ್ದ. ಇನ್ನು ನನ್ನ ಮಹಿಮೆ. ಯಜಮಾನರ ಮನೆಯಿಂದ ನಮಗೆಂದು ಬಂದ ಉಪ್ಪಿನಕಾಯಿ ಬೂಷ್ಟು ಹಿಡಿದಿತ್ತು. “ಅಮ್ಮಾವ್ರ ಕೈರುಚಿ ಯಾರಿಗೂ ಬರಲ್ಲ ಬುಡಿ” ಎಂದೆ. ಹೇಳಿದ್ದಷ್ಟೇ ಅಲ್ಲ, ತಿಂದೆ ಕೂಡ. ಅವರ ಚಪ್ಪಲಿ ಬಾಗಿಲ ಬಳಿ ಜೋಡಿಯಾಗಿದ್ದರೆ ಒಳ್ಳೆಯ ದಿನ, ಒಂದು ಮಗುಚಿ ಬಿದ್ದಿದ್ದರೆ ಕೆಟ್ಟ ದಿನ ಎಂದು ನಾನು ಶಕುನ ನೋಡತೊಡಗಿದ್ದೆ. ಕೆಲವೊಮ್ಮೆ ಯಾರೂ ನೋಡದಾಗ ಮಗುಚಿದ್ದನ್ನು ಕಾಲಿನಿಂದ ಸರಿಮಾಡಿಯೂ ಬರುತ್ತಿದ್ದೆ.

ಇದೆಲ್ಲ ಬೇಕಾದರೆ ನಗೆಪಾಟಲು ಎನ್ನಬಹುದು. ಇದಕ್ಕಿಂತ ಕೀಳಾದದ್ದು ಇನ್ನೊಂದಿತ್ತು. ನಾನಿಲ್ಲದೆ ಏನೂ ನಡೆಯಬಾರದು ಎಂದು ಮೂವರೂ ಬೇರೆ ಬೇರೆಯಾಗಿ ನಿರ್ಧರಿಸಿದ್ದೆವು. ಅಫ್ತಾಬ್ ಕಂಪ್ಯೂಟರಿನ ಪಾಸ್‌ವರ್ಡ್ ಬದಲಾಯಿಸಿ ಯಾರಿಗೂ ಹೇಳಲಿಲ್ಲ. ನಾನು ಚೀಲದ ರಿಜಿಸ್ಟರನ್ನು ಬೀರುವಿಗೆ ಸೇರಿಸಿ ಬೀಗದ ಕೈಯನ್ನು ಪರ್ಸಿನಲ್ಲಿಟ್ಟೆ. ಗಂಗರಾಜು ಇನ್ನೂ ಬುದ್ಧಿವಂತರು. ನಮ್ಮ ರೈತರಲ್ಲಿ ಒಂದೇ ಊರಿನ ಒಂದೇ ಹೆಸರಿನವರು ಎಷ್ಟೋ ಜನ. ಯಾರು ಬಾವಿಮನೆಯವರು, ಯಾರು ಕಟ್ಟೆಮನೆಯವರು ಎಂದು ಅವರು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿರುತ್ತಿದ್ದರು. ಆ ಗುರುತುಗಳನ್ನೆಲ್ಲ ರಬ್ಬರಿನಿಂದ ಅಳಿಸಿ ತಲೆಯಲ್ಲಿ ಇಟ್ಟುಕೊಂಡರು. ತಲೆಗೆ ಬೀಗ ಬೇಕಿಲ್ಲವಲ್ಲ.

ಜ್ಯೇಷ್ಠ ಮಾಸದಲ್ಲಿ ಕೆಂಕೆರೆಯಿಂದ ಪುಟ್ಟಗಂಗಮ್ಮ ಎಂಬ ಮುದುಕಿ ಬಂದಳು. ತಾಲ್ಲೂಕು ಕಚೇರಿಗೆ ಕೊಡಲು ಅವಳಿಗೆ ಹೋದ ವರ್ಷ ಮಾರಿದ ಕೊಬ್ಬರಿಯ ಪಟ್ಟಿಯ ನಕಲು ಬೇಕಾಗಿತ್ತು. ಐದು ನಿಮಿಷದ ಕೆಲಸ.

“ಯಾವ ಪುಟ್ಟಗಂಗಮ್ಮ?” ಎಂದ ಅಫ್ತಾಬ್.

“ನಾನೇ ಕಣಪ್ಪ. ಇನ್ಯಾವ ಪುಟ್ಟಗಂಗಮ್ಮ?”

“ಅಲ್ಲಜ್ಜಿ, ಕೆಂಕೆರೇಲಿ ನಾಲ್ಕು ಜನ ಪುಟ್ಟಗಂಗಮ್ಮ ಅವ್ರೆ. ನೀವು ಯಾವ್ರು ಅಂತ ಗಂಗಣ್ಣ ಹೇಳ್ಬೇಕು.”

ಗಂಗರಾಜುಗೆ ಅವಳ ತೋಟದ ಬೇಲಿ ಯಾವ ಬಣ್ಣ ಎನ್ನುವುದೂ ಗೊತ್ತು. ಆದರೂ ಕನ್ನಡಕ ಒರೆಸಿಕೊಂಡು, “ನೋಡ್ಬೇಕು, ನೋಡ್ಬೇಕು” ಎನ್ನುತ್ತ ಪುಸ್ತಕ ತಿರುವತೊಡಗಿದರು. ಚೀಲದ ಸಂಖ್ಯೆ ಸಿಕ್ಕರೆ ಹುಡುಕಬಹುದು ಎಂದು ಅಫ್ತಾಬ್ ನನ್ನ ಕಡೆ ನೋಡಿದ. ನಾನು ಬೀರುವಿನ ಬೀಗದ ಕೈ ಮನೆಯಲ್ಲಿ ಮರೆತಿದ್ದೇನೆ ಎಂದೆ. ಅದು ಆಗ ನನ್ನ ಮಡಿಲಲ್ಲಿದ್ದ ಪರ್ಸಿನಲ್ಲೇ ಇತ್ತು. ಹಾಗಾದರೆ ನಾನೊಬ್ಬನೇ ಯಾಕೆ ಗೋಣು ಬಗ್ಗಿಸಲಿ ಎಂದುಕೊಂಡನೋ ಏನೋ, ಕಂಪ್ಯೂಟರ್ ನಿಧಾನವಾಗಿದೆ ಎಂದು ಅವನೂ ಕೈಕಟ್ಟಿದ. ಎರಡು ಗಂಟೆ ಹೊತ್ತು ಬೆಂಚಿನ ಮೇಲೆ ಕೂತಿದ್ದ ಮುದುಕಿ ಎದ್ದು ನಿಂತಳು.

“ಮೂರು ಜನ ಕುಂತಿದ್ದೀರಿ. ಒಬ್ಬನ ಕಣ್ಣು ಅವನ್ಗೆ ಕಾಣಕ್ಕಿಲ್ಲ, ಒಬ್ಬಳ ಬೀಗ ಅವಳ್ಗೇ ತೆಗ್ಯಕ್ಕಿಲ್ಲ. ನಮ್ಮ ತ್ವಾಟದ್ ದನ ನಿಮ್ಗಿಂತ ವಾಸಿ ಕಣ್ರಪ್ಪ. ಹೆಸ್ರಿಡ್ದು ಕರುದ್ರೆ ತಿರುಗಿಯಾರ ನೋಡ್ತವೆ.”

ಹೊರಗೆ ಮಾದರಿ ಕೊಬ್ಬರಿ ಒಡೆದು ಮೂಸುತ್ತಿದ್ದ ಯಜಮಾನರು ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಅವರ ಮಂಡಿಯ ಹೆಸರು ಹಾಳಾಗುತ್ತಿದೆ ಎಂಬುದು ಅವರಿಗೆ ಹೊಳೆಯಲಿಲ್ಲ. ನಾವು ಹೆದರಿದ್ದೇವೆ ಎಂಬುದು ಹೊಳೆಯಿತು, ಅಷ್ಟರಲ್ಲೇ ಅವರಿಗೆ ಸಮಾಧಾನವಾಯಿತು. ಮುದುಕಿಯ ಪಟ್ಟಿ ಸಿಕ್ಕಿದ್ದು ಮಾರನೆಯ ದಿನ, ಅವಳು ಇನ್ನೊಂದು ಸಲ ಬಸ್ಸು ಹತ್ತಿ ಬಂದ ಮೇಲೆ.

ಆಷಾಢದ ಒಂದು ಶುಕ್ರವಾರ ಕೃತಿಕಾ ಬಂದಳು. ಯಜಮಾನರ ತಂಗಿಯ ಮಗಳು, ತುಮಕೂರಿನಲ್ಲಿ ಎಂ.ಕಾಂ. ಓದುತ್ತಿದ್ದಳು. ಒಳ್ಳೆಯ ಹುಡುಗಿ. ಒಳ್ಳೆಯವರು ಮಾಡುವಷ್ಟು ಅನಾಹುತವನ್ನು ಕೆಟ್ಟವರು ಮಾಡುವುದಿಲ್ಲ. ಮೂರು ಫಾರಂ ತಂದು ಮೂವರ ಮೇಜಿನ ಮೇಲೆ ಇಟ್ಟಳು. ಕೆಲಸದ ಅನಿಶ್ಚಿತತೆಯಿಂದ ಲೆಕ್ಕ ಬರೆಯುವವರ ವೃತ್ತಿ ತೃಪ್ತಿಯ ಮೇಲೆ ಆಗುವ ಪರಿಣಾಮ, ಅದು ಅವಳ ಅಧ್ಯಯನ. ನಲವತ್ತು ವಾಕ್ಯಗಳಿದ್ದವು. ಪೂರ್ತಿ ಒಪ್ಪುವುದಾದರೆ ಐದು, ಸ್ವಲ್ಪವೂ ಒಪ್ಪದಿದ್ದರೆ ಒಂದು. ಕೊನೆಯಲ್ಲಿ ‘ನಿಮ್ಮ ಸಲಹೆ’ ಎಂದು ನಾಲ್ಕು ಗೆರೆ ಖಾಲಿ ಜಾಗ.

“ಎಲ್ಲ ಮಂಡಿಗೂ ಹೋಗ್ತೀನಿ ಆಂಟಿ. ಮೊದಲು ನಿಮ್ಮಿಂದಾನೇ ಶುರು. ಮಾವ ಪರ್ಮಿಷನ್ ಕೊಟ್ಟಿದಾರೆ. ಹೆಸರು ಬರೀಬೇಡಿ. ಏನು ಬರೆದ್ರೂ ಯಾರು ಅಂತ ಗೊತ್ತಾಗಲ್ಲ. ಸೋಮವಾರ ಬಂದು ಇಸ್ಕೋತೀನಿ.”

ಮಾವ ಪರ್ಮಿಷನ್ ಕೊಟ್ಟಿದ್ದಾರೆ ಎಂಬ ಒಂದು ಮಾತಿಗೆ ನಮ್ಮ ಮೂವರ ಮುಖವೂ ಒಟ್ಟಿಗೆ ಇಳಿದುಹೋಯಿತು. ಮೂರೇ ಜನ ಇರುವ ಕೋಣೆಯಲ್ಲಿ ಹೆಸರಿಲ್ಲದ ಹಾಳೆ ಎಂದರೆ ಏನು ಎಂದು ಎಂ.ಕಾಂ.ನಲ್ಲಿ ಹೇಳಿಕೊಡುವುದಿಲ್ಲವೆಂದು ಕಾಣುತ್ತದೆ. ಇದು ಯಜಮಾನರದೇ ಕಿತಾಪತಿ, ಯಾರು ಜಾಸ್ತಿ ಎಂದು ಹುಡುಗಿಯ ಕೈಯಲ್ಲಿ ಪತ್ತೆ ಮಾಡಿಸುತ್ತಿದ್ದಾರೆ ಎಂದು ಮೂವರಿಗೂ ಖಾತ್ರಿಯಾಯಿತು.

ನಾಲ್ಕು ತಿಂಗಳಿಂದ ಒಬ್ಬರ ಜೊತೆ ಒಬ್ಬರು ಒಂದು ಲೋಟ ಟೀ ಕುಡಿಯದ ನಾವು ಅವತ್ತು ಕಣ್ಣಲ್ಲೇ ಮಾತಾಡಿಕೊಂಡೆವು. ಲೆಕ್ಕ ಬರೆಯುವ ಜಾತಿಗೆ ಭಯವಾದರೆ ದೇವರ ನೆನಪಾಗುವುದಿಲ್ಲ, ತಾಳೆ ಹಾಕಬೇಕು ಎನ್ನಿಸುತ್ತದೆ. ಮೂರು ಹಾಳೆಯಲ್ಲಿ ಮೂರು ಥರ ಉತ್ತರ ಇದ್ದರೆ ಅಲ್ಲವೇ ಯಾರಾದರೂ ಸಿಕ್ಕಿಬೀಳುವುದು? ಒಂದೇ ಥರ ಇದ್ದರೆ ಯಾರನ್ನು ಹಿಡಿಯುತ್ತಾರೆ? ತಿಪಟೂರಿನ ಟೀ ಅಂಗಡಿಗಳಲ್ಲಿ ಗೋಡೆಗೂ ಕಿವಿ. ಹಾಗಾಗಿ ಶನಿವಾರ ಸಂಜೆ ಕಿಬ್ಬನಹಳ್ಳಿಯ ಹೈವೇ ಪಕ್ಕದ ಒಂದು ಹೋಟೆಲಿನಲ್ಲಿ, ಎಳನೀರಿನ ರಾಶಿಯ ಹಿಂದಿನ ಮೇಜಿನಲ್ಲಿ ಸೇರಿದೆವು. ಅಫ್ತಾಬ್ ಬೈಕಿನಲ್ಲಿ ಬಂದ.

“ಎಲ್ಲದಕ್ಕೂ ಐದು ಹಾಕ್ಬುಡಾನ,” ಎಂದ ಅವನು.

ಗಂಗರಾಜು ಫಾರಂ ಮೇಲೆ ಬೆರಳಾಡಿಸಿದರು. “ನಿಂತ್ಕೊ ಕಣಪ್ಪ. ಹತ್ತೊಂಬತ್ತನೇದು ಓದು. ‘ಕೆಲಸದ ಚಿಂತೆಯಿಂದ ನನ್ನ ಆರೋಗ್ಯ ಕೆಟ್ಟಿದೆ.’ ಅದ್ಕೂ ಐದು ಹಾಕ್ತೀಯಾ? ಇದು ತಿರುವುಮುರುವು. ಅಲ್ಲಿ ಒಂದು ಬರ್ಬೇಕು.”

ಅವರ ಕಣ್ಣು ಕಾಣುವುದಿಲ್ಲ ಎಂದು ಯಾರು ಹೇಳಿದ್ದು? ಅಂಥ ತಿರುವುಮುರುವು ವಾಕ್ಯಗಳು ಒಟ್ಟು ಎಂಟು ಇದ್ದವು. ಎಂಟನ್ನೂ ಹಿಡಿದುಕೊಟ್ಟರು. ತೀರಾ ಅಚ್ಚುಕಟ್ಟಾಗಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ಲಲ್ಲಿ ಸಣ್ಣ ಕೊರತೆ ಇರಲಿ ಎಂದು ನಾನು ಹೇಳಿದೆ. ಕೋಣೆಯ ಗಾಳಿ ಬೆಳಕಿಗೆ ಮೂವರೂ ಮೂರು ಹಾಕುವುದೆಂದು ತೀರ್ಮಾನವಾಯಿತು. ಗಾಳಿಯ ಬಗ್ಗೆ ದೂರು ಹೇಳಿದರೆ ಯಜಮಾನರು ಯಾರನ್ನೂ ತೆಗೆಯಲಾರರು. ‘ಮೇಲಿನವರು ತಮ್ಮ ನಿರ್ಧಾರಗಳನ್ನು ನನಗೆ ಸ್ಪಷ್ಟವಾಗಿ ತಿಳಿಸುತ್ತಾರೆ’ ಎಂಬ ವಾಕ್ಯ ಬಂದಾಗ ಅಫ್ತಾಬ್‌ಗೆ ಟೀ ನೆತ್ತಿಗೇರಿತು. ಮೂವರೂ ಐದು ಹಾಕಿದೆವು.

ಹತ್ತೊಂಬತ್ತರ ಮುಂದೆ ಒಂದು ಎಂದು ಗುರುತು ಹಾಕಿದ ಗಂಗರಾಜು ಪೆನ್ನನ್ನು ಕೆಳಗಿಟ್ಟರು.

“ಬೆಳಿಗ್ಗೆ ತಿಂದಿದ್ದು ನಿಲ್ತಿಲ್ಲ ಕಣಮ್ಮ ಸುನಂದಮ್ಮ. ಬಸ್ ಹತ್ತೋಕೆ ಮುಂಚೆ ಬೇಲಿ ಪಕ್ಕ ಕಕ್ಕೊಂಡೇ ಬತ್ತೀನಿ. ಉಗಾದಿಯಿಂದ. ಮನೇಲಿ ಇದ್ರೆ ಕಕ್ಕದು ನೋಡಿ ಕೇಳ್ತಾರೆ ಅಂತ ಬೇಗ ಹೊರಟ್ಬುಡ್ತೀನಿ.”

ಎಂಟು ಗಂಟೆಗೆ ಮೆಟ್ಟಿಲ ಮೇಲೆ ಕೂರುವುದರ ಗುಟ್ಟು ಅದಾಗಿತ್ತು. ನಾನು ಏನೇನೋ ಅಂದುಕೊಂಡಿದ್ದೆ.

“ನಾನು ಮನೇಲಿ ಹೇಳೇ ಇಲ್ಲ ಅಣ್ಣ,” ಎಂದ ಅಫ್ತಾಬ್. “ನಮ್ಮಪ್ಪ ಮೊನ್ನೆ, ಏನಪ್ಪ ಪರ್ಮನೆಂಟಾ, ಅಂದ್ರು. ಹೂಂ ಅಂದೆ. ಅವ್ರು ಅಂಗಡಿ ಬೀದಿಗೆಲ್ಲ ಹೇಳ್ಕೊಂಡು ಬಂದವ್ರೆ.”

ನಾನು ಚಪ್ಪಲಿಯ ಶಕುನ ಹೇಳಿದೆ. ಕಾಲಿನಿಂದ ಸರಿಮಾಡುವುದನ್ನೂ ಹೇಳಿದೆ. ಇಬ್ಬರೂ ಎಷ್ಟು ನಕ್ಕರೆಂದರೆ ಹೋಟೆಲಿನವನು ತಿರುಗಿ ನೋಡಿದ. ನನಗೂ ನಗು ಬಂತು. ಆ ನಾಲ್ಕು ತಿಂಗಳಲ್ಲಿ ಮನುಷ್ಯರ ಹಾಗೆ ಕೂತದ್ದು ಆ ಒಂದು ಗಂಟೆ ಮಾತ್ರ. ಆಗ ಫಾರಂನಲ್ಲಿ ಏನು ಕೇಳಿದ್ದರೂ ನಿಜವಾಗಿ ಐದು ಹಾಕುತ್ತಿದ್ದೆ.

“ಕೊನೇ ಕಾಲಂ ಖಾಲಿ ಬುಡಾನ,” ಎಂದ ಅಫ್ತಾಬ್. “ಯಾರೂ ಯಾರ್ ಮೇಲೂ ಬರ್ಯೋದು ಬ್ಯಾಡ.”

ಗಂಗರಾಜು ಮೇಜಿನ ಮೇಲೆ ಅಂಗೈ ಊರಿ ಮಾತು ಕೊಟ್ಟರು. ಅಫ್ತಾಬ್ ಕೊಟ್ಟ. ನಾನೂ ಕೊಟ್ಟೆ.

ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದಾಗ ನಾನು ಫಾರಂ ತೆಗೆದೆ. ಬೇಡವೆಂದು ಎರಡು ಸಲ ಮಡಿಸಿಟ್ಟೆ. ಗಂಗರಾಜು ಇಪ್ಪತ್ತಾರು ವರ್ಷದ ಹಳಬರು, ಅವರನ್ನು ಹೇಗೆ ತೆಗೆಯುತ್ತಾರೆ? ಅಫ್ತಾಬ್ ಇಲ್ಲದಿದ್ದರೆ ಕಂಪ್ಯೂಟರ್ ಯಾರು ಮುಟ್ಟುತ್ತಾರೆ? ಮಿಕ್ಕವಳು ಯಾರು? ಒಳ್ಳೆಯ ಸಲಹೆ ಕೊಟ್ಟವಳು ಮಂಡಿಯ ಹಿತ ನೋಡುವವಳು ಎಂದಾದರೂ ಆಗಲಿ, ಆಮೇಲೆ ಸಮಯ ನೋಡಿ ಅದು ನನ್ನದೇ ಎಂದು ಯಜಮಾನರ ಕಿವಿಗೆ ಹಾಕಿದರಾಯಿತು ಎಂದುಕೊಂಡೆ. ಸದ್ಯಕ್ಕೆ ಅಕ್ಷರ ಗುರುತು ಸಿಗದಿರಲಿ ಎಂದು ಎಡಗೈಯಲ್ಲಿ ಬರೆದೆ: ‘ಕೆಲಸವನ್ನು ಸರಿಯಾಗಿ ಹಂಚಿದರೆ ಇಬ್ಬರೇ ಸಾಕು.’ ಯಾರ ಹೆಸರನ್ನೂ ಬರೆದಿಲ್ಲ, ಆದ್ದರಿಂದ ಯಾರ ಮೇಲೂ ಬರೆದಂತಾಗಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಎಂಥ ನಾಜೂಕು! ಒಬ್ಬರು ಹೋಗಲಿ ಎಂದು ಬರೆದವಳು, ಯಾರು ಎಂದು ಬರೆಯಲಿಲ್ಲವಂತೆ.

ಸೋಮವಾರ ಕೃತಿಕಾ ಮೂರು ಫಾರಮ್ಮುಗಳನ್ನೂ ಇಸಿದುಕೊಂಡು ಮಾವನ ಕೋಣೆಗೆ, ಮನೆಯಿಂದ ತರಿಸಿದ್ದ ಊಟಕ್ಕೆ ಹೋದಳು. ಹತ್ತು ನಿಮಿಷವಾಗಿರಲಿಲ್ಲ, ಯಜಮಾನರು ನಮ್ಮ ಕೋಣೆಗೆ ಬಂದರು. ಊಟ ಬಿಟ್ಟು ಬಂದಿದ್ದರು. ಅವರು ಊಟ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರ ಹಿಂದೆ ಕೃತಿಕಾ, ಹಾಳೆಗಳನ್ನು ಎದೆಗೆ ಅವಚಿಕೊಂಡು, ಅಳು ಮುಖ ಮಾಡಿಕೊಂಡು ನಿಂತಿದ್ದಳು.

“ಇಬ್ರು ಸಾಕು ಅಂತ ಬರ್ದವ್ರೆ, ನಿಮ್ಮಲ್ಲೇ ಒಬ್ರು. ಕೋಳಿ ಕೆದಕ್ದಂಗೆ ಬರ್ದವ್ರೆ,” ಎಂದರು ಯಜಮಾನರು. “ಈ ಮಂಡಿಗೆ ಎಷ್ಟು ಜನ ಬೇಕು ಅಂತ ಹೇಳಕೆ ನಾನಿವ್ನಿ. ನೀವ್ಯಾರ್ರೀ ಹೇಳಕೆ? ಯಾರು ಬರೆದಿದ್ದು?”

ಅವರ ಸಿಟ್ಟಿನ ಕಾರಣ ನೋಡಿ. ಒಬ್ಬರ ಅನ್ನಕ್ಕೆ ಒಬ್ಬರು ಕಲ್ಲು ಹಾಕಿದರಲ್ಲ ಎಂದಲ್ಲ. ಹೆದರಿಸುವ ಹಕ್ಕು ಅವರೊಬ್ಬರದು, ಅದಕ್ಕೆ ಇನ್ನೊಬ್ಬರು ಕೈ ಹಾಕಿದರಲ್ಲ ಎಂದು.

ನಾನು ಮೇಜಿನ ಕೆಳಗೆ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದೆ, ಅದೇ ಎದ್ದು ಸಾಕ್ಷಿ ಹೇಳಿಬಿಡುತ್ತದೆ ಎಂಬ ಹಾಗೆ. ಅಫ್ತಾಬ್ ನನ್ನನ್ನೂ ಗಂಗರಾಜು ಅವರನ್ನೂ ಸರದಿಯಂತೆ ನೋಡಿದ.

ಕುರ್ಚಿ ಸರಿದ ಸದ್ದಾಯಿತು. ಗಂಗರಾಜು ಎದ್ದು ನಿಂತಿದ್ದರು.

“ನಾನೇ ಯಜಮಾನ್ರೇ. ಬುದ್ಧಿಗೇಡಿ ಕೆಲ್ಸ ಮಾಡ್ಬುಟ್ಟೆ. ಮಿಕ್ಕಿದ್ದು ಓದ್ಬೇಡಿ. ತಪ್ಪಾಯ್ತು.”

“ಹಂಗಾದ್ರೆ ಆ ಮೂರ್ನೆಯವ್ರು ನೀವೇ. ನಾಳೆಯಿಂದ ಬರ್ಬೇಡಿ.”

ಕರಿಬಸವಯ್ಯನವರು ತಲೆ ಕಾಲು ಎರಡೂ ಇರುವ ಮಾತು ಆಡಿದ್ದನ್ನು ನಾನು ಕೇಳಿದ್ದು ಅವತ್ತು ಮಾತ್ರ.

ನನಗೆ ಏನೂ ಅರ್ಥವಾಗಲಿಲ್ಲ. ಬರೆದವಳು ನಾನು, ಒಪ್ಪಿಕೊಂಡವರು ಅವರು. ನನ್ನನ್ನು ಉಳಿಸಲು ತಪ್ಪು ತಲೆಯ ಮೇಲೆ ಎಳೆದುಕೊಂಡರೇ? ಇಂಥ ದೊಡ್ಡತನ ಯಾರು ಕೇಳಿದ್ದರು ಇವರನ್ನು? ಕೃತಜ್ಞತೆ ಬರುವ ಜಾಗದಲ್ಲಿ ನನಗೆ ಅವರ ಮೇಲೆ ರೋಷ ಬಂತು. ಅವರು ಪೆನ್ನು, ಕನ್ನಡಕದ ಡಬ್ಬಿ, ಕುರ್ಚಿಯ ಮೇಲಿನ ದಿಂಬು ಎತ್ತಿ ಚೀಲಕ್ಕೆ ಹಾಕಿಕೊಂಡು ನನ್ನ ಮೇಜಿನ ಹತ್ತಿರ ಬಂದರು.

“ಸುನಂದಮ್ಮ, ನಿಮ್ಮ ವಿಷ್ಯದಲ್ಲಿ ತಪ್ಪು ಮಾಡ್ಬುಟ್ಟೆ. ಮನಸ್ನಲ್ಲಿ ಇಟ್ಕಬ್ಯಾಡಿ.”

“ಇರ್ಲಿ ಬುಡಿ,” ಎಂದೆ. ನಾನು! ಕ್ಷಮಿಸಿದವಳ ಹಾಗೆ!

ಅಫ್ತಾಬ್ ಅವರ ಮುಖ ನೋಡಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿ ಕೂತಿದ್ದ. ಅವರು ಅವನ ಬೆನ್ನಿನ ಹಿಂದೆ ಒಂದು ಗಳಿಗೆ ನಿಂತು ಹೋದರು.

ಮಾರನೆಯ ದಿನ ಕೃತಿಕಾ ಒಬ್ಬಳೇ ಬಂದಳು. ಅಫ್ತಾಬ್ ಬ್ಯಾಂಕಿಗೆ ಹೋಗಿದ್ದ. “ನಾನು ಕೈ ತೊಳೆಯೋಕೆ ಹೋಗಿದ್ದೆ ಆಂಟಿ, ಅಷ್ಟರಲ್ಲಿ ಮಾವ ಮೇಲಿದ್ದ ಒಂದರ ಕೊನೇ ಹಾಳೆ ತಿರುಗಿಸಿ ನೋಡಿಬಿಟ್ಟರು. ತಕ್ಷಣ ಕಿತ್ಕೊಂಡೆ. ಮಿಕ್ಕ ಎರಡು ಅವರು ನೋಡಿಲ್ಲ. ಇವು ಯಾವನ್ನೂ ನಾನು ಬಳಸಲ್ಲ,” ಎನ್ನುತ್ತ ಕಣ್ಣೊರೆಸಿಕೊಂಡು ಮೂರನ್ನೂ ನನ್ನ ಮುಂದೆ ಹಾಕಿದಳು. “ಹೇಗೂ ಬಳಸೋಕಾಗಲ್ಲ. ಮೂರರಲ್ಲೂ ನಲವತ್ತಕ್ಕೆ ನಲವತ್ತು ಒಂದೇ ಉತ್ತರ. ಎಲ್ಲರೂ ಪೂರ್ತಿ ತೃಪ್ತರು, ಎಲ್ಲರಿಗೂ ಗಾಳಿ ಸಾಲದು. ನಮ್ಮ ಗೈಡ್ ನಗ್ತಾರೆ.”

ಮೇಲಿದ್ದದ್ದು ನನ್ನ ಎಡಗೈಯ ವಾಕ್ಯ. ಅದರ ಕೆಳಗಿನದರಲ್ಲಿ ಗಂಗರಾಜು ಅವರ ಬಲಕ್ಕೆ ಬಾಗಿದ ಅಕ್ಷರ. ಅವರಿಗೆ ಅಕ್ಷರ ಮರೆಸುವ ಉಪಾಯವೂ ಹೊಳೆದಿರಲಿಲ್ಲ. ‘ಒಬ್ಬರನ್ನು ತೆಗೆಯಲೇಬೇಕಾದರೆ, ಗಂಡ ಸಂಪಾದಿಸುವ ಹೆಂಗಸನ್ನು ಬಿಟ್ಟು ಮಿಕ್ಕ ಇಬ್ಬರನ್ನು ಇಟ್ಟುಕೊಳ್ಳುವುದು ನ್ಯಾಯ.’ ಮೂರನೆಯದರ ಕೊನೆಯ ಕಾಲಂ ಖಾಲಿ ಇತ್ತು.

ಯಜಮಾನರು ಓದಿದ್ದು ನನ್ನ ಮಾತನ್ನು. ಅರ್ಧ ಕೇಳಿದ ಗಂಗರಾಜು ಅದು ತಮ್ಮದೇ ಎಂದುಕೊಂಡರು. ಉಳಿದರ್ಧವನ್ನು ನನ್ನೆದುರಿಗೆ ಓದಿಬಿಡುತ್ತಾರೆಂದು ಹೆದರಿ ಮೊದಲೇ ಒಪ್ಪಿಕೊಂಡರು. ದೊಡ್ಡತನವೂ ಇಲ್ಲ, ಮಣ್ಣೂ ಇಲ್ಲ.

ನಿಜ ಹೇಳುತ್ತೇನೆ, ಮೊದಲು ನನಗೆ ಸಂತೋಷವಾಯಿತು. ಎದೆಯ ಮೇಲಿನ ಚಪ್ಪಡಿ ಎತ್ತಿದ ಹಾಗಾಯಿತು. ಅವರೂ ನನ್ನ ಮೇಲೆ ಬರೆದಿದ್ದರು, ನಾನೂ ಬರೆದೆ, ಎರಡೂ ಕಡೆ ಸರಿಹೋಯಿತು ಎಂದುಕೊಂಡೆ. ಎರಡು ನಿಮಿಷವೂ ಆ ಲೆಕ್ಕ ನಿಲ್ಲಲಿಲ್ಲ. ಇಬ್ಬರು ಬರೆದು ಒಬ್ಬರು ಹೋದರೆ ಅದು ಎಲ್ಲಿ ಸರಿಹೋಯಿತು? ಬೇಲಿ ಪಕ್ಕ ಕಕ್ಕಿಕೊಂಡು ಬರುತ್ತಿದ್ದ ಆ ಮನುಷ್ಯ ಇವತ್ತು ಬೆಳಿಗ್ಗೆ ಯಾವ ಬಸ್ಸು ಹತ್ತಿದರು, ಮನೆಯಲ್ಲಿ ಏನು ಹೇಳಿದರು?

“ಮಾವ ನೋಡಿದ್ದು ಇದೇ,” ಎಂದು ಕೃತಿಕಾ ಎಡಗೈಯ ಹಾಳೆ ತೋರಿಸಿದಳು. “ಇದು ಗಂಗರಾಜು ಅಂಕಲ್‌ದೇ ಅಲ್ವಾ ಆಂಟಿ?”

“ನಂಗೇನು ಗೊತ್ತಮ್ಮ. ಹೆಸರಿಲ್ವಲ್ಲ,” ಎಂದೆ.

ಅವಳು ಹೋದ ಮೇಲೆ ಎದ್ದು ಯಜಮಾನರ ಬಾಗಿಲಿಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಅವರು ಕಾಲು ಚಾಚಿಕೊಂಡು ಎಲೆ ಅಡಿಕೆ ಮೆಲ್ಲುತ್ತಿದ್ದರು.

“ಏನ್ ಸುನಂದಮ್ಮ? ಗಂಗರಾಜು ಹೋಗಿದ್ದು ನಿಮ್ಗೆ ಕಷ್ಟ ಆಯ್ತಾ?” ಎಂದು ಅವರೇ ಶುರುಮಾಡಿದರು. “ನಾನೇನು ನಿಜವಾಗ್ಲೂ ಯಾರ್ನೂ ತೆಗೀಬೇಕು ಅಂತಿರ್ಲಿಲ್ಲ ಕಣಮ್ಮ. ಹಂಗಂದ್ರೆ ಎಲ್ರೂ ಚುರುಕಾಗಿರ್ತಾರೆ ಅಂತ ಒಂದ್ ಮಾತು ಬುಟ್ಟಿದ್ದೆ. ಅವ್ನೇ ಎಳ್ದು ಮೈಮೇಲೆ ಹಾಕ್ಕಂಡ.”

ಏಳು ತಿಂಗಳ ನಮ್ಮ ನರಕಕ್ಕೆ ಅವರು ಇಟ್ಟಿದ್ದ ಹೆಸರು ‘ಒಂದ್ ಮಾತು’. ಏಳು ಆಗಿರಲಿಲ್ಲ, ನಾಲ್ಕೇ ಆಗಿತ್ತು, ದೀಪಾವಳಿವರೆಗಿನ ಮಿಕ್ಕ ಮೂರನ್ನು ನಾವು ಮುಂಗಡವಾಗಿ ಅನುಭವಿಸಿದ್ದೆವು. ಅವರ ಮುಖಕ್ಕೆ ಉಗಿಯಬೇಕು ಎನ್ನಿಸಿತು. ಬಾಯಲ್ಲಿ ಉಗುಳು ಕೂಡ ಬಂತು. ನುಂಗಿದೆ.

“ಈ ತಿಂಗಳ ರಿಟರ್ನಿಗೆ ಸಹಿ ಬೇಕಿತ್ತು ಯಜಮಾನ್ರೇ,” ಎಂದೆ.

“ತನ್ನಿ ನಾಳೆ,” ಎಂದರು.

ವಾಪಸ್ಸು ಬಂದಾಗ ಅಫ್ತಾಬ್ ಬ್ಯಾಂಕಿನಿಂದ ಬಂದು ಗಂಗರಾಜು ಅವರ ಖಾಲಿ ಕುರ್ಚಿಯನ್ನು ಗೋಡೆಗೆ ಸರಿಸುತ್ತಿದ್ದ. ನನ್ನನ್ನು ಕಂಡು ನಿಲ್ಲಿಸಿದ.

“ಗಂಗಣ್ಣ ಅಂಥವ್ರು ಅನ್ಕೊಂಡಿರ್ಲಿಲ್ಲ ಅಕ್ಕ. ಮಾತು ಕೊಟ್ಟು ಹಂಗೆ ಬರೆದ್ರಲ್ಲ.”

“ಬುಡಪ್ಪ. ಹೊಟ್ಟೆಪಾಡು.”

“ನಮ್ಗಿಲ್ವಾ ಹೊಟ್ಟೆ? ನಾನು ಬರದ್ನಾ? ನೀವು ಬರದ್ರಾ?” ಅವನು ಆ ಕುರ್ಚಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ. “ನೆನ್ನೆಯೇ ಕೆಲ್ಸ ಬುಟ್ಬುಡಾನ ಅನ್ಸಿತ್ತು. ಆಮೇಲೆ ನೀವಿದ್ದೀರಲ್ಲ ಅಂತ ಬಂದೆ. ನಂಬಕೆ ಒಬ್ರಾದ್ರೂ ಬೇಕಲ್ಲಕ್ಕ ಕೆಲ್ಸದ ಜಾಗ್ದಲ್ಲಿ.”

“ಹೂಂ ಕಣಪ್ಪ,” ಎಂದೆ.

ನಂಬಿಬಿಟ್ಟ. ದಿನವಿಡೀ ತಪ್ಪು ಹುಡುಕುವುದನ್ನೇ ಕೆಲಸ ಮಾಡಿಕೊಂಡವನು, ಎದುರು ನಿಂತವಳ ಮುಖ ನೋಡಿ ಇಷ್ಟು ಸಲೀಸಾಗಿ ನಂಬಬಹುದೇ? ನನಗೆ ಅವನ ಮೇಲೆ ಮೈಯೆಲ್ಲ ಉರಿಯಿತು. ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು, ಹೇಳಲಿಲ್ಲ. ನಾಳೆಯೋ ಮುಂದಿನ ಯುಗಾದಿಗೋ ಯಜಮಾನರು ಬಂದು ಇಬ್ಬರಲ್ಲಿ ಒಬ್ಬರು ಜಾಸ್ತಿ ಎನ್ನುತ್ತಾರೆ. ಆಗಲೂ ಅವನು ಕೊನೆಯ ಕಾಲಂ ಖಾಲಿ ಬಿಡುತ್ತಾನೆ. ನಾನು ಬಿಡುವುದಿಲ್ಲ.